ಹಳೆಯ ಉಗಿ ಎಂಜಿನ್‌ಗೆ ಒಂದೇ ಜೋಡಿ ದೊಡ್ಡ ಚಕ್ರ ಏಕೆ?

ಕುಂಬಳೆಯ ಓದುಗ:

ಎಲ್ಲರಿಗೂ ನಮಸ್ಕಾರ. 2019ರ ಫೆಬ್ರವರಿಯಲ್ಲಿ ಎರ್ನಾಕುಳಂ ಜಂಕ್ಷನ್‌ನಿಂದ ಕೊಚ್ಚಿ ಹಾರ್ಬರ್ ಟರ್ಮಿನಸ್‌ವರೆಗೆ 1855ರ ‘ಫೇರಿ ಕ್ವೀನ್’ ಉಗಿ ಎಂಜಿನ್ ಓಡುತ್ತದೆಂದು ಕೇಳಿ, ಕುಂಬಳೆಯಿಂದ ರಾತ್ರಿ ಗಾಡಿ ಹತ್ತಿ ಹೋಗಿದ್ದೆ. ಆಗ ತೆಗೆದ ಚಿತ್ರಗಳನ್ನು ಮೊನ್ನೆ ಹಳೆಯ ಮೊಬೈಲಿನಿಂದ ಇಳಿಸಿಕೊಳ್ಳುವಾಗ, ಅಂದಿನ ಜನಸಂದಣಿಯಲ್ಲಿ ಗಮನಕ್ಕೆ ಬಾರದೆ ಹೋಗಿದ್ದ ಸಂಗತಿಯೊಂದು ಕಣ್ಣಿಗೆ ಬಿತ್ತು. ಆ ಎಂಜಿನ್‌ಗೆ ಮೂರು ಜೋಡಿ ಚಕ್ರಗಳಿವೆ. ನಡುವಿನ ಜೋಡಿ ಆಳೆತ್ತರವಾಗಿದೆ. ಹಿಂದೆ ಮುಂದೆ ಇರುವ ಎರಡು ಜೋಡಿಗಳು ಚಿಕ್ಕವು. ಸಿಲಿಂಡರಿನಿಂದ ಹೊರಟ ದಂಡ ನಡುವಿನ ದೊಡ್ಡ ಚಕ್ರಕ್ಕೆ ಮಾತ್ರ ತಗಲಿಕೊಂಡಿದೆ. ಚಿಕ್ಕ ಚಕ್ರಗಳು ಭಾರವನ್ನು ಹೊರುತ್ತವೆಯೇ ಹೊರತು ಎಳೆಯುವ ಕೆಲಸದಲ್ಲಿ ಅವಕ್ಕೆ ಪಾಲಿಲ್ಲ.

ನನ್ನ ತಂದೆಯವರು ಹುಡುಗುತನದಲ್ಲಿ ಕಾಸರಗೋಡು ನಿಲ್ದಾಣದಲ್ಲಿ ಕಂಡ ಉಗಿ ಎಂಜಿನ್‌ಗಳ ದೊಡ್ಡ ಚಕ್ರಗಳನ್ನೆಲ್ಲ ಒಂದು ಉದ್ದನೆಯ ದಂಡ ಪೋಣಿಸಿ ಹಿಡಿದಿರುತ್ತಿತ್ತಂತೆ. ಆ ದಂಡ ಮೇಲೆ ಕೆಳಗೆ ಆಡುತ್ತ ಹೋಗುವುದನ್ನು ನೋಡುವುದಕ್ಕೆಂದೇ ಅವರು ಪ್ಲಾಟ್‌ಫಾರ್ಮಿನ ತುದಿಗೆ ಓಡುತ್ತಿದ್ದರಂತೆ. ಹಾಗಾದರೆ 1855ರ ತಂತ್ರಜ್ಞರಿಗೆ ಚಕ್ರಗಳನ್ನು ದಂಡದಿಂದ ಜೋಡಿಸುವ ವಿದ್ಯೆ ತಿಳಿದಿರಲಿಲ್ಲವೇ? ತಿಳಿದಿದ್ದರೆ, ಎಂಜಿನ್ನಿನ ಭಾರದ ಬಹುಪಾಲನ್ನು ಎಳೆಯದ ಚಕ್ರಗಳ ಮೇಲೆ ಹೊರಿಸಿ ವ್ಯರ್ಥ ಮಾಡಿದ್ದೇಕೆ? ಜೊತೆಗೆ ಇನ್ನೊಂದು ಸಂದೇಹ: ಎಂಜಿನ್ನಿನ ಹಿಂದೆ ನೀರು ಹೊರುವ ಬಂಡಿ, ಅಂದರೆ ಟೆಂಡರ್, ನನಗೆ ಕಾಣಲಿಲ್ಲ. ನೀರು ಎಲ್ಲಿರುತ್ತದೆ?

ಬದಿಯಡ್ಕ ಮಾಸ್ಟ್ರು:

ಮೊದಲು ಹೆಸರನ್ನು ಸರಿಪಡಿಸಿಕೊಳ್ಳೋಣ. ನೀವು ಕೊಚ್ಚಿಯಲ್ಲಿ ಕಂಡದ್ದು ಫೇರಿ ಕ್ವೀನ್ ಅಲ್ಲ, ಅದರ ಸೋದರಿ. ಇಂಗ್ಲೆಂಡಿನ ಲೀಡ್ಸ್ ನಗರದ ಕಿಟ್ಸನ್, ಥಾಮ್ಸನ್ ಮತ್ತು ಹ್ಯುವಿಟ್ಸನ್ ಕಾರ್ಖಾನೆಯು 1855ರಲ್ಲಿ ಈಸ್ಟ್ ಇಂಡಿಯನ್ ರೈಲ್ವೆಗಾಗಿ ಕಟ್ಟಿದ ಎಂಜಿನ್‌ಗಳಲ್ಲಿ 21ನೆಯ ಸಂಖ್ಯೆಯದು ‘ಎಕ್ಸ್‌ಪ್ರೆಸ್’, 22ನೆಯದು ‘ಫೇರಿ ಕ್ವೀನ್’. ಚೆನ್ನೈಯ ಪೆರಂಬೂರಿನ ಲೋಕೋ ಕಾರ್ಯಾಗಾರದವರು 2010ರಲ್ಲಿ ಮತ್ತೆ ಓಡುವಂತೆ ಮಾಡಿದ್ದು 21ನ್ನು. ಕೊಚ್ಚಿಗೆ ಬಂದದ್ದೂ ಅದೇ. 22ನೆಯದಕ್ಕೆ ಫೇರಿ ಕ್ವೀನ್ ಎಂಬ ಹೆಸರು ಬಂದದ್ದು ಕೂಡ 1895ರಲ್ಲಿ, ಅಂದರೆ ಅದು ನಲವತ್ತು ವರ್ಷ ದುಡಿದ ಮೇಲೆ. ಅದು 1997ರಲ್ಲಿ ಮತ್ತೆ ಹಳಿಗಿಳಿದು, 1998ರಲ್ಲಿ ನಿಯತವಾಗಿ ಓಡುತ್ತಿರುವ ಅತ್ಯಂತ ಹಳೆಯ ಉಗಿ ಎಂಜಿನ್ ಎಂದು ಗಿನ್ನೆಸ್ ದಾಖಲೆ ಸೇರಿತು. ‘ನಿಯತವಾಗಿ ಓಡುತ್ತಿರುವ’ ಎಂಬ ಮಾತನ್ನು ಬಿಟ್ಟು ‘ಜಗತ್ತಿನ ಅತ್ಯಂತ ಹಳೆಯ ಎಂಜಿನ್’ ಎಂದು ಬರೆಯುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ, ಅದು ತಪ್ಪು.

ಈಗ ಚಕ್ರದ ಗಾತ್ರಕ್ಕೆ ಬರೋಣ. ಉಗಿ ಎಂಜಿನ್ನಿನಲ್ಲಿ, ಉಗಿಯ ಒತ್ತಡಕ್ಕೆ ಸಿಲಿಂಡರಿನೊಳಗೆ ಹೋಗಿ ಬರುವ ಪಿಸ್ಟನ್ನಿಗೂ ಚಕ್ರಕ್ಕೂ ನಡುವೆ ಗೇರ್ ಇರುವುದಿಲ್ಲ. ಪಿಸ್ಟನ್ ಒಮ್ಮೆ ಹೋಗಿ ಬಂದರೆ ಚಕ್ರ ಒಂದು ಸುತ್ತು ತಿರುಗುತ್ತದೆ, ಅಷ್ಟೇ. ಮುಂದಿನ ಚಕ್ರ ಆಳೆತ್ತರ ಇದ್ದ, ಪೆಡಲ್ ನೇರವಾಗಿ ಆ ಚಕ್ರಕ್ಕೇ ಕೂತಿದ್ದ ಹಳೆಯ ಕಾಲದ ಸೈಕಲಿನ ಚಿತ್ರವನ್ನು ನೀವು ನೋಡಿರಬಹುದು. ಚೈನ್ ಇಲ್ಲದ ಮೇಲೆ ವೇಗ ಬೇಕಾದರೆ ಚಕ್ರವನ್ನೇ ದೊಡ್ಡದು ಮಾಡಬೇಕು. ಈ ಎಂಜಿನ್ನಿನ ಚಾಲಕ ಚಕ್ರದ ವ್ಯಾಸ 6 ಅಡಿ, ಅಂದರೆ ಸುಮಾರು 1.83 ಮೀಟರ್. ಒಂದು ಕಿಲೋಮೀಟರ್ ಹೋಗಲು ಅದು 174 ಸುತ್ತು ತಿರುಗಿದರೆ ಸಾಕು. ಅದೇ ಚಕ್ರ 4 ಅಡಿಯದಾಗಿದ್ದರೆ 261 ಸುತ್ತು ಬೇಕಾಗುತ್ತಿತ್ತು, ಪಿಸ್ಟನ್ನೂ ಅಷ್ಟೇ ಸಲ ಹೋಗಿ ಬರಬೇಕಾಗುತ್ತಿತ್ತು. ಪ್ರಾಣಿಗಳ ಕೊಬ್ಬನ್ನು ಕರಗಿಸಿ ಸಿಲಿಂಡರಿಗೆ ಬಿಟ್ಟು ನುಣುಪು ಕಾಯ್ದುಕೊಳ್ಳುತ್ತಿದ್ದ ಕಾಲವದು. ಅಷ್ಟು ಬಡಿತವನ್ನು ಆಗಿನ ಪಿಸ್ಟನ್, ಕವಾಟ, ಬೇರಿಂಗುಗಳು ಹೆಚ್ಚು ದಿನ ತಾಳುತ್ತಿರಲಿಲ್ಲ. ದೊಡ್ಡ ಚಕ್ರ ಎಂಬುದು ಯಂತ್ರದ ಆಯುಷ್ಯವನ್ನು ಉಳಿಸುವ ಉಪಾಯವಾಗಿತ್ತು.

ನಿಮ್ಮ ನೀರಿನ ಸಂದೇಹಕ್ಕೆ ಉತ್ತರ ಎಂಜಿನ್ನಿನ ಹೊಟ್ಟೆಯ ಕೆಳಗೇ ಇದೆ. ಚೌಕಟ್ಟಿನ ನಡುವೆ ತಗ್ಗಿನಲ್ಲಿ ಸುಮಾರು 3,000 ಲೀಟರ್ ಹಿಡಿಯುವ ತೊಟ್ಟಿಯನ್ನು ತೂಗುಹಾಕಿದ್ದಾರೆ. ಭಾರ ಕೆಳಗಿರುವುದರಿಂದ ಎಂಜಿನ್ ತೂರಾಡುವುದು ಕಡಿಮೆ.

ಕುಂಬಳೆಯ ಓದುಗ:

ಮಾಸ್ಟ್ರೇ, ಹೆಸರನ್ನು ತಿದ್ದಿದ್ದಕ್ಕೆ ಕೃತಜ್ಞ. ಚಿತ್ರವನ್ನು ಹಿಗ್ಗಿಸಿ ನೋಡಿದರೆ 21 ಎಂಬ ಸಂಖ್ಯೆ ಸ್ಪಷ್ಟವಾಗಿಯೇ ಇದೆ, ನಾನೇ ಗಮನಿಸಲಿಲ್ಲ. ಆದರೆ ಚಕ್ರ ದೊಡ್ಡದೇಕೆ ಎಂಬುದು ತಿಳಿಯಿತಲ್ಲದೆ, ಒಂದೇ ಜೋಡಿ ಏಕೆ ಎಂಬುದು ಉಳಿದೇ ಹೋಯಿತು. ದೊಡ್ಡ ಚಕ್ರಗಳನ್ನೇ ಎರಡು ಜೋಡಿ ಹಾಕಿ ದಂಡದಿಂದ ಬೆಸೆಯಬಹುದಿತ್ತಲ್ಲವೇ?

ಗುಂತಕಲ್ ಶೆಡ್:

ನಾನು ಗುಂತಕಲ್ಲಿನ ಲೋಕೋ ಶೆಡ್ಡಿನಲ್ಲಿ ಫಿಟ್ಟರನಾಗಿ ಸೇರಿ ನಿವೃತ್ತನಾದವನು. ಮೊದಲ ಕೆಲವು ವರ್ಷ ಉಗಿ ಎಂಜಿನ್‌ಗಳ ಮೇಲೆಯೇ ಕೆಲಸ ಮಾಡಿದ್ದೇನೆ, ಹಾಗಾಗಿ ಈ ಪ್ರಶ್ನೆಗೆ ಕೈಯ ಅನುಭವದಿಂದ ಉತ್ತರ ಕೊಡಬಲ್ಲೆ.

ನೀವು ‘ದಂಡ’ ಎಂದದ್ದನ್ನು ನಾವು ಸೈಡ್ ರಾಡ್ ಎನ್ನುತ್ತೇವೆ. ನೋಡುವವರಿಗೆ ಅದು ಎರಡು ತೂತಿರುವ ಒಂದು ಕಬ್ಬಿಣದ ಪಟ್ಟಿ. ಆದರೆ ಅದನ್ನು ಕೂಡಿಸಬೇಕಾದರೆ ಎರಡು ಅಚ್ಚುಗಳ, ಅಂದರೆ ಆಕ್ಸಲ್‌ಗಳ ಚಕ್ರಗಳ ವ್ಯಾಸ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಆಗಿರಬೇಕು. ಒಂದು ಚಕ್ರ ಸ್ವಲ್ಪ ಸವೆದು ಚಿಕ್ಕದಾದರೂ, ಒಂದೇ ದೂರಕ್ಕೆ ಅದು ಹೆಚ್ಚು ಸುತ್ತು ತಿರುಗಲು ಹವಣಿಸುತ್ತದೆ, ರಾಡ್ ಬಿಡುವುದಿಲ್ಲ, ಕೊನೆಗೆ ಎರಡರಲ್ಲಿ ಒಂದು ಚಕ್ರ ಹಳಿಯ ಮೇಲೆ ತೇಯುತ್ತಲೇ ಸಾಗಬೇಕಾಗುತ್ತದೆ. ಇನ್ನೊಂದು ವಿಷಯವಿದೆ. ಎಡಗಡೆಯ ಪಿಸ್ಟನ್ ತುದಿಯಲ್ಲಿ ನಿಂತಾಗ ಬಲಗಡೆಯದು ನಡುವಿನಲ್ಲಿರಲಿ, ಎಂಜಿನ್ ಯಾವ ಸ್ಥಿತಿಯಲ್ಲಿ ನಿಂತರೂ ಮತ್ತೆ ಹೊರಡಲಿ ಎಂದು, ಚಕ್ರವನ್ನು ತಿರುಗಿಸುವ ಎರಡು ಕಡೆಯ ತೋಳುಗಳನ್ನು, ಅಂದರೆ ಕ್ರ್ಯಾಂಕ್‌ಗಳನ್ನು 90 ಡಿಗ್ರಿ ಅಂತರದಲ್ಲಿ ಕೂರಿಸುತ್ತಾರೆ. ಒಂದೇ ಆಕ್ಸಲ್ ಎಳೆಯುವಾಗ ಈ ಕೋನ ಒಂದಿಷ್ಟು ಆಚೀಚೆಯಾದರೂ ನಡೆದೀತು. ಎರಡು ಮೂರು ಆಕ್ಸಲ್‌ಗಳನ್ನು ಬೆಸೆದಾಗ ಪ್ರತಿಯೊಂದರಲ್ಲೂ ಆ ಕೋನ ಕರಾರುವಾಕ್ಕಾಗಿ ಒಂದೇ ಇರಬೇಕು, ಇಲ್ಲವಾದರೆ ಸುತ್ತಿಗೊಮ್ಮೆ ರಾಡ್ ಬಿಗಿದುಕೊಳ್ಳುತ್ತದೆ, ರಾಡಿನ ತೂತಿನೊಳಗಿನ ಬುಷ್ ಬಿಸಿಯೇರುತ್ತದೆ, ಕ್ರ್ಯಾಂಕ್ ಪಿನ್ ಸಡಿಲವಾಗುತ್ತದೆ. ನಮ್ಮ ಕಾಲದಲ್ಲಿ ಇದಕ್ಕೆಂದೇ ಲೇತ್‌ಗಳೂ ಅಳತೆಯ ಸಾಧನಗಳೂ ಇದ್ದವು, ಆದರೂ ರಾಡ್ ಬಿಸಿಯೇರಿ ಎಂಜಿನ್ ಶೆಡ್ಡಿಗೆ ಬರುವುದೇನೂ ಅಪರೂಪವಾಗಿರಲಿಲ್ಲ. 1855ರಲ್ಲಿ, ಮೆದು ಕಬ್ಬಿಣದ ಹಳಿ, ಚಕ್ರದ ಸುತ್ತ ತೊಡಿಸುವ ಮೆದು ಕಬ್ಬಿಣದ ಟೈರು, ಬಡಿದು ಮಾಡಿದ ರಾಡುಗಳನ್ನು ಇಟ್ಟುಕೊಂಡು ವೇಗದ ಮೇಲ್ ಗಾಡಿಯನ್ನು ಓಡಿಸಬೇಕಾದವನು ರಾಡನ್ನೇ ಕೈಬಿಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ರಾಡ್ ಇಲ್ಲದ ಮೇಲೆ ರಾಡ್ ಮುರಿಯುವ ಭಯವೂ ಇಲ್ಲ.

ಆ ವಿದ್ಯೆ ಅವರಿಗೆ ತಿಳಿಯದೆ ಇರಲಿಲ್ಲ ಎಂಬುದನ್ನು ಮಾತ್ರ ಒತ್ತಿ ಹೇಳುತ್ತೇನೆ. ಸ್ಟಾಕ್‌ಟನ್–ಡಾರ್ಲಿಂಗ್ಟನ್ ಮಾರ್ಗದಲ್ಲಿ 1825ರಲ್ಲೇ ಓಡಿದ ‘ಲೋಕೋಮೋಷನ್’ ಎಂಜಿನ್ನಿನ ಚಕ್ರಗಳನ್ನು ರಾಡಿನಿಂದ ಬೆಸೆದಿದ್ದರು. ಗೂಡ್ಸ್ ಎಂಜಿನ್‌ಗಳಿಗೆ ಮೊದಲಿನಿಂದಲೂ ರಾಡ್ ಇತ್ತು. ಅವು ನಿಧಾನವಾಗಿ ಹೋಗುತ್ತಿದ್ದುದರಿಂದ ಅಪಾಯ ಕಡಿಮೆ.

ಅಕ್ಕಲಕೋಟೆಯವ:

ಶೆಡ್ಡಿನ ಹಿರಿಯರು ಹೇಳಿದ್ದೆಲ್ಲ ಸರಿ. ಆದರೆ ಚರ್ಚೆ ಪೂರ್ತಿಯಾಗಿ ಎಂಜಿನ್ನಿನ ಒಳಗೇ ನಡೆಯುತ್ತಿದೆ. ಎಂಜಿನ್ ಯಾವ ನೆಲದ ಮೇಲೆ ಓಡಿತು ಎಂಬುದನ್ನೂ ನೋಡಬೇಕೆಂದು ನನ್ನ ವಿನಂತಿ. ಸೊಲ್ಲಾಪುರ ಜಿಲ್ಲೆಯವನಾದ ನನಗೆ ಮುಂಬಯಿಗೆ ಹೋಗುವಾಗಲೆಲ್ಲ ಭೋರ್ ಘಾಟ್ ಇಳಿಯುವುದು ರೂಢಿ, ಬಹುಶಃ ಅದರಿಂದಾಗಿಯೇ ಈ ಯೋಚನೆ ಬಂತು.

ಸ್ವಲ್ಪ ಲೆಕ್ಕ ಮಾಡೋಣ. ಈ ಎಂಜಿನ್ನಿನ ಒಟ್ಟು ಭಾರ 26 ಟನ್. ಅದರಲ್ಲಿ ಚಾಲಕ ಚಕ್ರಗಳ ಮೇಲೆ 10 ಟನ್ ಬೀಳುತ್ತದೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಒಣ ಹಳಿಯ ಮೇಲೆ ಕಬ್ಬಿಣದ ಚಕ್ರಕ್ಕೆ ತನ್ನ ಮೇಲಿನ ಭಾರದ ಐದನೆಯ ಒಂದು ಪಾಲಿನಿಂದ ನಾಲ್ಕನೆಯ ಒಂದು ಪಾಲಿನವರೆಗೆ ಹಿಡಿತ ಸಿಗುತ್ತದೆ. ಅಂದರೆ ಚಕ್ರ ಜಾರದೆ ಎಳೆಯಬಹುದಾದ ಗರಿಷ್ಠ ಬಲ 2ರಿಂದ 2.5 ಟನ್. ಸಮತಟ್ಟಾದ ಹಳಿಯ ಮೇಲೆ ನಿಧಾನವಾಗಿ ಸಾಗುವ 100 ಟನ್ನಿನ ಗಾಡಿಗೆ ಬೇಕಾಗುವುದು ಹೆಚ್ಚೆಂದರೆ ಅರ್ಧ ಟನ್. ಹೊರಡುವಾಗ ಅದಕ್ಕಿಂತ ಹೆಚ್ಚು ಬೇಕು, ಬೇಕಾದರೆ ಇಮ್ಮಡಿ ಮಾಡಿಕೊಳ್ಳಿ. ಆದರೂ ಒಂದೇ ಜೋಡಿ ಚಕ್ರದ ಹಿಡಿತ ಧಾರಾಳವಾಗಿ ಸಾಲುತ್ತದೆ.

ಅದೇ ಗಾಡಿಯನ್ನು ಭೋರ್ ಘಾಟಿಗೆ ತನ್ನಿ. 1863ರಲ್ಲಿ ತೆರೆದ ಆ ಮಾರ್ಗದ ಏರು 37ಕ್ಕೆ 1, ಅಂದರೆ 37 ಅಡಿ ಸಾಗುವಷ್ಟರಲ್ಲಿ 1 ಅಡಿ ಏರು. ಪ್ರತಿ ಟನ್ನಿಗೆ ಸುಮಾರು 27 ಕಿಲೋ ಬಲ ಏರಿಗೆಂದೇ ಬೇಕು. ಗಾಡಿ 100 ಟನ್, ಎಂಜಿನ್ 26 ಟನ್, ಒಟ್ಟು 126 ಟನ್ನಿಗೆ 3.4 ಟನ್. ಹಿಡಿತ ಇರುವುದು 2.5. ಬಾಯ್ಲರಿನಲ್ಲಿ ಉಗಿ ಎಷ್ಟೇ ಇರಲಿ, ಚಕ್ರ ನಿಂತಲ್ಲೇ ಗಿರಗಿರನೆ ತಿರುಗಬೇಕೇ ಹೊರತು ಗಾಡಿ ಮೇಲೇರಲಾರದು.

ಈಗ ಈ ಎಂಜಿನ್‌ಗಳನ್ನು ತರಿಸಿದ ಈಸ್ಟ್ ಇಂಡಿಯನ್ ರೈಲ್ವೆಯ ಮಾರ್ಗವನ್ನು ನೆನೆಯಿರಿ. 1854ರ ಆಗಸ್ಟ್ 15ರಂದು ಹೌರಾದಿಂದ ಹೂಗ್ಲಿಗೆ ಓಡಾಟ ಆರಂಭವಾಯಿತು, ಮರುವರ್ಷ ಹಳಿ ಕಲ್ಲಿದ್ದಲಿನ ರಾಣಿಗಂಜ್ ತಲುಪಿತು. ಗಂಗೆಯ ಮಣ್ಣು ಹರಡಿದ ಬಯಲು ಅದು. ಫೇರಿ ಕ್ವೀನ್ ಹೌರಾ–ರಾಣಿಗಂಜ್ ನಡುವೆ ಎಳೆದದ್ದು ಹಗುರವಾದ ಮೇಲ್ ಗಾಡಿಗಳನ್ನು. ಆ ಬಯಲಿಗೆ, ಆ ಗಾಡಿಗೆ ಒಂದು ಜೋಡಿ ಚಕ್ರ ಸಾಕಾಗಿತ್ತು. ಇತ್ತ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯವರು 1853ರಲ್ಲಿ ಬೋರಿಬಂದರದಿಂದ ಠಾಣೆಗೆ ಮೊದಲ ಗಾಡಿ ಓಡಿಸಿದಾಗ ಬಳಸಿದ ವಲ್ಕನ್ ಫೌಂಡ್ರಿಯ ಎಂಜಿನ್‌ಗಳಲ್ಲಿ ಎರಡು ಜೋಡಿ ಚಕ್ರಗಳನ್ನು ಬೆಸೆದಿದ್ದರು. ಅವರ ಕಣ್ಣೆದುರಿಗೆ ಸಹ್ಯಾದ್ರಿ ಇತ್ತು. ಎರಡೂ ಒಂದೇ ಕಾಲದ ಯಂತ್ರಗಳು, ಒಂದೇ ದೇಶದ ಕಾರ್ಖಾನೆಗಳಿಂದ ಬಂದವು. ಆದ್ದರಿಂದ ‘ವ್ಯರ್ಥ ಮಾಡಿದರು’ ಎಂಬ ಪ್ರಶ್ನೆಯ ಪದವನ್ನು ನಾನು ಒಪ್ಪಲಾರೆ.

ಬದಿಯಡ್ಕ ಮಾಸ್ಟ್ರು:

ಅಕ್ಕಲಕೋಟೆಯವರ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದಂತೆ ಓದಿದೆ, ಸರಿಯಾಗಿದೆ. ಒಂದು ಮಾತು ಸೇರಿಸಬೇಕು. ಅವರು ಹಿಡಿದದ್ದು ಒಣ ಹಳಿಯ ಲೆಕ್ಕ. ಹಳಿ ಒದ್ದೆಯಾದರೆ, ಅದರಲ್ಲೂ ಎಣ್ಣೆ, ತರಗೆಲೆ ಸೇರಿದ ಜಿಗುಟು ಅದರ ಮೇಲಿದ್ದರೆ, ಹಿಡಿತ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಆಷಾಢದಲ್ಲಿ ಕಾಲಿಗೆ ತಳೆ ಇಲ್ಲದೆ ಅಡಿಕೆ ಮರ ಏರಲು ಹೋದವನ ಪಾಡು ಎಂಜಿನ್ನಿಗೂ ಬರುತ್ತದೆ.

ಒಂದೇ ಜೋಡಿ ಚಾಲಕ ಚಕ್ರದ ವಂಶಾವಳಿಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಇದು ರಾಬರ್ಟ್ ಸ್ಟೀಫನ್‌ಸನ್ನರ ‘ರಾಕೆಟ್’ ಎಂಜಿನ್ನಿಗೆ ಹೋಗಿ ಮುಟ್ಟುತ್ತದೆ. ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲ್ವೆಯವರು 1829ರ ಅಕ್ಟೋಬರಿನಲ್ಲಿ ರೇನ್‌ಹಿಲ್ ಎಂಬಲ್ಲಿ 500 ಪೌಂಡ್ ಬಹುಮಾನವಿಟ್ಟು ಸ್ಪರ್ಧೆ ನಡೆಸಿದರು. ಎಂಜಿನ್ ಹಗುರವಾಗಿರಬೇಕು, ನಾಲ್ಕೇ ಚಕ್ರಗಳಿದ್ದರೆ 4.5 ಟನ್ ಮೀರಬಾರದು, ತನ್ನ ತೂಕದ ಮೂರರಷ್ಟನ್ನು ಗಂಟೆಗೆ 10 ಮೈಲಿ ವೇಗದಲ್ಲಿ ಎಳೆಯುತ್ತ ಹಲವು ಬಾರಿ ಹೋಗಿ ಬರಬೇಕು ಎಂಬುದು ನಿಯಮ. ಕೆಲವೇ ವರ್ಷಗಳ ಹಿಂದೆ ಚಕ್ರಗಳನ್ನು ಬೆಸೆದು ಲೋಕೋಮೋಷನ್ ಕಟ್ಟಿದ್ದ ಅದೇ ಸ್ಟೀಫನ್‌ಸನ್ ಕಾರ್ಖಾನೆ ಈಗ ರಾಡನ್ನು ಕಿತ್ತುಹಾಕಿ, ಮುಂದಿನ ಒಂದು ಜೋಡಿಯನ್ನು 4 ಅಡಿ 8½ ಅಂಗುಲದಷ್ಟು ದೊಡ್ಡದು ಮಾಡಿ, ಅದನ್ನು ಮಾತ್ರ ಎಳೆಯಲು ಬಿಟ್ಟಿತು. ಬಾಯ್ಲರಿನೊಳಗೆ ಹೆನ್ರಿ ಬೂತ್ ಅವರ ಸಲಹೆಯಂತೆ 25 ತಾಮ್ರದ ಕೊಳವೆಗಳು. ಬೆಂಕಿಯ ಬಿಸಿಗಾಳಿ ಅವುಗಳ ಮೂಲಕ ಹಾಯುವುದರಿಂದ ಪುಟ್ಟ ಬಾಯ್ಲರಿನಲ್ಲೇ ಬೇಕಾದಷ್ಟು ಉಗಿ. ಎದುರಾಳಿ ತಿಮೊಥಿ ಹ್ಯಾಕ್‌ವರ್ತ್ ಅವರ ‘ಸಾನ್ಸ್ ಪರೈಲ್’ ಎಂಜಿನ್ನಿಗೆ ನಾಲ್ಕು ಚಕ್ರಗಳೂ ಬೆಸೆದಿದ್ದವು, ಆದರೆ ಅದರ ತೂಕ ಮಿತಿ ಮೀರಿತ್ತು, ಓಟದಲ್ಲಿಯೂ ಅದು ಕೆಟ್ಟು ನಿಂತಿತು. ರಾಕೆಟ್ ಗೆದ್ದಿತು. ಆ ಒಂದು ಗೆಲುವಿನಿಂದ ಪ್ರಯಾಣಿಕರ ಎಂಜಿನ್ ಎಂದರೆ ಒಂಟಿ ಜೋಡಿಯದು ಎಂಬ ನಂಬಿಕೆ ಹಲವು ದಶಕ ಬೇರುಬಿಟ್ಟಿತೆಂದು ನನ್ನ ಅಭಿಪ್ರಾಯ.

ರಾಕೆಟ್ಟಿನ ಓರೆಯಾದ ಸಿಲಿಂಡರುಗಳಿಂದ ಎಂಜಿನ್ ತೊಯ್ದಾಡುತ್ತಿತ್ತು. 1830ರ ‘ಪ್ಲಾನೆಟ್’ನಲ್ಲಿ ಸಿಲಿಂಡರುಗಳು ಮುಂಭಾಗದಲ್ಲಿ ನೆಲಕ್ಕೆ ಸಮಾನಾಂತರವಾಗಿ ಮಲಗಿದವು, ಚಾಲಕ ಚಕ್ರ ಹಿಂದಕ್ಕೆ ಹೋಯಿತು. 1833ರ ‘ಪೇಟೆಂಟೀ’ಯಲ್ಲಿ ಅದರ ಹಿಂದೆ ಇನ್ನೊಂದು ಜೋಡಿ ಚಿಕ್ಕ ಚಕ್ರ ಸೇರಿ, ನೀವು ಕೊಚ್ಚಿಯಲ್ಲಿ ಕಂಡ ಚಿಕ್ಕದು–ದೊಡ್ಡದು–ಚಿಕ್ಕದು ಎಂಬ ಸಾಲು ಪೂರ್ತಿಯಾಯಿತು. ಜರ್ಮನಿಯಲ್ಲಿ 1835ರಲ್ಲಿ ಓಡಿದ ‘ಆಡ್ಲರ್’ ಇದೇ ಬಗೆಯದು. ಆ ಮೂರನೆಯ ಜೋಡಿಯನ್ನು ಕೇವಲ ಹೊರೆ ಹೊರುವ ಚಕ್ರವೆಂದು ಕಡೆಗಣಿಸಬೇಡಿ. 1842ರ ಮೇ 8ರಂದು ಫ್ರಾನ್ಸಿನ ವರ್ಸೇಲ್ಸ್‌ನಿಂದ ಪ್ಯಾರಿಸ್ಸಿಗೆ ಹೊರಟ ಗಾಡಿಯ ಮುಂದಿನ ಎಂಜಿನ್ನಿನ ಆಕ್ಸಲ್ ಮುರಿದು, ಹಿಂದಿನ ಬಂಡಿಗಳು ಅದರ ಮೇಲೇರಿ, ಬೆಂಕಿ ಹತ್ತಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಬಂಡಿಯ ಬಾಗಿಲುಗಳಿಗೆ ಹೊರಗಿನಿಂದ ಬೀಗ ಹಾಕಿದ್ದರಿಂದ ಸಾವು ಹೆಚ್ಚಿತು. ಆ ಎಂಜಿನ್ನಿಗೆ ಇದ್ದದ್ದು ನಾಲ್ಕೇ ಚಕ್ರ. ಆರು ಚಕ್ರಗಳಿದ್ದರೆ ಒಂದು ಆಕ್ಸಲ್ ಮುರಿದರೂ ಎಂಜಿನ್ ಮುಗ್ಗರಿಸದೆ ನಿಂತೀತು ಎಂಬ ವಾದಕ್ಕೆ ಆಮೇಲೆ ಬಲ ಬಂತು. ಮತ್ತೆ ಮತ್ತೆ ಒತ್ತಡ ಬಿದ್ದು ಕಬ್ಬಿಣ ದಣಿದು ಮುರಿಯುತ್ತದೆ ಎಂಬ ಸಂಗತಿಯನ್ನು ವಿಜ್ಞಾನಿಗಳು ಗಂಭೀರವಾಗಿ ಪರಿಶೀಲಿಸತೊಡಗಿದ್ದೂ ಆ ದುರಂತದ ನಂತರವೇ.

ಕುಂಬಳೆಯ ಓದುಗ:

ಇಷ್ಟು ಸಿಗುತ್ತದೆಂದು ನಾನು ಎಣಿಸಿರಲಿಲ್ಲ. ‘ವ್ಯರ್ಥ’ ಎಂಬ ಪದವನ್ನು ಹಿಂದಕ್ಕೆ ಪಡೆಯುತ್ತೇನೆ, ಅಕ್ಕಲಕೋಟೆಯವರು ಕ್ಷಮಿಸಬೇಕು. ಕೊನೆಯದಾಗಿ ಒಂದು ಪ್ರಶ್ನೆ: ಈ ಬಗೆ ಯಾವಾಗ ನಿಂತಿತು? ನಮ್ಮ ಕಾಸರಗೋಡಿನ ಮೂಲಕ ಮಂಗಳೂರಿಗೆ ಹಳಿ ಬಂದದ್ದು 1907ರಲ್ಲಿ. ಆ ಹೊತ್ತಿಗೆ ಒಂಟಿ ಜೋಡಿಯ ಎಂಜಿನ್ ಎಲ್ಲಾದರೂ ಉಳಿದಿತ್ತೇ?

ಗುಂತಕಲ್ ಶೆಡ್:

ಉಳಿದಿತ್ತು. ಫೇರಿ ಕ್ವೀನ್ ಬಿಹಾರದ ಕಡೆ ಹೊಸ ಮಾರ್ಗ ಕಟ್ಟುವ ಕೆಲಸದಲ್ಲಿ 1909ರವರೆಗೆ ದುಡಿದಿದೆ. ಆದರೆ ಅದು ಮುದಿ ಎತ್ತನ್ನು ಹಟ್ಟಿಗೆ ಗೊಬ್ಬರ ಸಾಗಿಸಲು ಇಟ್ಟುಕೊಂಡ ಹಾಗೆ. ಒಂಟಿ ಜೋಡಿಯ ಕಾಲ ನಿಜವಾಗಿ ಮುಗಿಯತೊಡಗಿದ್ದು ಉಕ್ಕು ಅಗ್ಗವಾದ ಮೇಲೆ. ಅಗ್ಗವಾಗಿ ಉಕ್ಕು ಮಾಡುವ ಬೆಸೆಮರ್ ಅವರ ವಿಧಾನ 1856ರಲ್ಲಿ ಬಂದು, ನಂತರದ ವರ್ಷಗಳಲ್ಲಿ ಹಳಿ, ಟೈರು, ರಾಡು ಎಲ್ಲವೂ ಉಕ್ಕಿನವಾದವು. ಟೈರು ಬೇಗ ಸವೆಯುವುದಿಲ್ಲ, ರಾಡು ಬೇಗ ಮುರಿಯುವುದಿಲ್ಲ ಎಂದಾದಾಗ, ಬೆಸೆದ ಚಕ್ರಗಳನ್ನು ವೇಗದ ಗಾಡಿಗೆ ಕಟ್ಟಲು ಇದ್ದ ಅಂಜಿಕೆ ಹೋಯಿತು. ಗಾಡಿಗಳೂ ಭಾರವಾಗುತ್ತ ಹೋದವು.

ಆದರೂ ಇಂಗ್ಲೆಂಡಿನಲ್ಲಿ ಕೆಲವರು ಹಟ ಬಿಡಲಿಲ್ಲ. ಗ್ರೇಟ್ ನಾರ್ದರ್ನ್ ರೈಲ್ವೆಯ ಪ್ಯಾಟ್ರಿಕ್ ಸ್ಟರ್ಲಿಂಗ್ ಅವರು 1870ರಲ್ಲಿ ಡಾನ್‌ಕಾಸ್ಟರಿನಲ್ಲಿ ಕಟ್ಟಿದ 1ನೆಯ ಸಂಖ್ಯೆಯ ಎಂಜಿನ್ನಿನ ಚಾಲಕ ಚಕ್ರ 8 ಅಡಿ 1 ಅಂಗುಲ. ಮಾಸ್ಟ್ರ ಲೆಕ್ಕದಂತೆ ಅದು ಕಿಲೋಮೀಟರಿಗೆ 129 ಸುತ್ತು ಮಾತ್ರ ತಿರುಗುತ್ತದೆ. ಆ ಬಗೆಯವನ್ನು 1895ರವರೆಗೆ ಒಟ್ಟು 53 ಕಟ್ಟಿದರು. ಮೊದಲನೆಯದು ಈಗಲೂ ಇಂಗ್ಲೆಂಡಿನ ರೈಲ್ವೆ ವಸ್ತುಸಂಗ್ರಹದಲ್ಲಿದೆ.

ಇನ್ನೊಂದು ಸಂಗತಿ ಶೆಡ್ಡಿನವನಾದ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಚಕ್ರ ಜಾರಿದರೆ ಹಳಿಯ ಮೇಲೆ ಮರಳು ಬಿಡುವುದು ಹಳೆಯ ಪದ್ಧತಿ. ಡಬ್ಬಿಯಿಂದ ತಾನಾಗಿ ಸುರಿಯುವ ಮರಳು ಗಾಳಿಗೆ ಹಾರಿ ಹೋಗುತ್ತಿತ್ತು, ಒದ್ದೆಯಾದರೆ ಕೊಳವೆಯಲ್ಲೇ ಗಂಟಾಗುತ್ತಿತ್ತು. ಮಿಡ್‌ಲ್ಯಾಂಡ್ ರೈಲ್ವೆಯ ಡರ್ಬಿ ಕಾರ್ಯಾಗಾರದ ಫ್ರಾನ್ಸಿಸ್ ಹೋಲ್ಟ್ ಅವರು 1886ರಲ್ಲಿ ಮರಳನ್ನು ಉಗಿಯಿಂದ ಊದಿ, ಚಕ್ರ ಹಳಿಗೆ ತಾಗುವ ಜಾಗಕ್ಕೇ ನೇರವಾಗಿ ಹೊಡೆಯುವ ಏರ್ಪಾಡು ಮಾಡಿದರು. ಅಷ್ಟರಿಂದಲೇ, ಸತ್ತೇಹೋಯಿತು ಎಂದುಕೊಂಡಿದ್ದ ಒಂಟಿ ಜೋಡಿ ಮತ್ತೆ ಎದ್ದು ಕುಳಿತಿತು. ಅದೇ ರೈಲ್ವೆಯವರು 1887ರಿಂದ 1900ರವರೆಗೆ ಹೊಸದಾಗಿ 95 ಒಂಟಿ ಜೋಡಿಯ ಎಂಜಿನ್‌ಗಳನ್ನು ಕಟ್ಟಿದರು. ಒಂದು ಹಿಡಿ ಮರಳನ್ನು ಸರಿಯಾದ ಜಾಗಕ್ಕೆ ಹಾಕಲು ಕಲಿತದ್ದರಿಂದ ಹದಿಮೂರು ವರ್ಷ ಹೊಸ ಎಂಜಿನ್‌ಗಳು ಹುಟ್ಟಿದವು!

ನಮ್ಮ ಕಡೆ ಡ್ರೈವರುಗಳು ಹೊರಡುವ ಮುನ್ನ ಮರಳಿನ ಡಬ್ಬಿಯನ್ನು ತಟ್ಟಿ ನೋಡದೆ ಫುಟ್‌ಪ್ಲೇಟ್ ಹತ್ತುತ್ತಿರಲಿಲ್ಲ. ಮಳೆಗಾಲದಲ್ಲಿ ಆ ಮರಳನ್ನು ಒಲೆಯ ಮೇಲೆ ಹುರಿದು, ಜರಡಿ ಹಿಡಿದು ತುಂಬಿಸಿಕೊಡುವುದಕ್ಕೆಂದೇ ಶೆಡ್ಡಿನಲ್ಲಿ ಒಬ್ಬ ಆಳು ಇರುತ್ತಿದ್ದ. ಹೊರಡುವಾಗ ಚಕ್ರ ಜಾರಿತೆಂದರೆ ಎಂಜಿನ್ ಒಮ್ಮೆಲೇ ಬುಸುಬುಸು ಎಂದು ಉಗುಳುತ್ತದೆ. ಆ ರಭಸಕ್ಕೆ ಬೆಂಕಿಯೆಲ್ಲ ಕಿತ್ತು ಚಿಮಣಿಯಿಂದ ಹಾರುತ್ತದೆ, ಫೈರ್‌ಮನ್ ಅರ್ಧ ಗಂಟೆ ಪಟ್ಟ ಪಾಡು ನೀರಿನಲ್ಲಿ ಹೋಮವಾಗುತ್ತದೆ. ತಕ್ಷಣ ಸಿಲಿಂಡರಿಗೆ ಉಗಿ ಬಿಡುವ ಕವಾಟವಾದ ರೆಗ್ಯುಲೇಟರ್ ಮುಚ್ಚಿ, ಮರಳು ಬಿಟ್ಟು, ಮತ್ತೆ ಮೆಲ್ಲನೆ ತೆರೆಯಬೇಕು. ನಾಲ್ಕು ಜೋಡಿ ಬೆಸೆದ ಎಂಜಿನ್ನಿನಲ್ಲೇ ಇದು ಆಗುತ್ತಿತ್ತು.

ಅಂದ ಹಾಗೆ ತೊಟ್ಟಿಯ ಬಗ್ಗೆ ಮಾಸ್ಟ್ರು ಹೇಳದೆ ಬಿಟ್ಟ ಒಂದು ಮಾತಿದೆ. ನೀರನ್ನು ಎಂಜಿನ್ನೇ ಹೊತ್ತುಕೊಂಡಿದ್ದರೆ, ಆ 3,000 ಲೀಟರ್ ಅಂದರೆ 3 ಟನ್ ಭಾರವೂ ಹಿಡಿತಕ್ಕೆ ಒದಗುತ್ತದೆ. ಆದರೆ ದಾರಿ ಸಾಗಿದಂತೆ ನೀರು ಆವಿಯಾಗಿ ಹೋಗುತ್ತದೆ, ಭಾರ ಇಳಿಯುತ್ತದೆ, ಹಿಡಿತವೂ ಇಳಿಯುತ್ತದೆ. ಗಾಡಿ ಹೊರಟ ನಿಲ್ದಾಣದಲ್ಲಿ ಜಾರದ ಚಕ್ರ ನಾಲ್ಕನೆಯ ನಿಲ್ದಾಣದಲ್ಲಿ ಜಾರಿದರೆ ಡ್ರೈವರನನ್ನು ಬಯ್ಯುವ ಮೊದಲು ತೊಟ್ಟಿಯಲ್ಲಿ ನೀರು ಎಷ್ಟಿದೆ ಎಂದು ನೋಡಬೇಕು.